ನಾಲ್ಕು ಚಕ್ರಗಳಿಗೂ ಬಲವಿತ್ತ ಹ್ಯಾರಿ ಫರ್ಗ್ಯುಸನ್

ಮಳೆಗಾಲದಲ್ಲಿ ಘಟ್ಟದ ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಒಂದು ಅನುಭವವು ಚಿರಪರಿಚಿತವಾದುದು. ವಾಹನದ ಹಿಂದಿನ ಚಕ್ರವು ಕೆಸರಿಗೆ ಸಿಕ್ಕಿ ಗಿರನೆ ತಿರುಗುತ್ತದೆ. ವಾಹನವು ಮಾತ್ರ ನಿಂತಲ್ಲಿಂದ ಕದಲದು. ಮುಂದಿನ ಎರಡು ಚಕ್ರಗಳು ಗಟ್ಟಿ ನೆಲದ ಮೇಲಿದ್ದರೂ ಇಂಜಿನಿನ ಬಲವು ಅವುಗಳಿಗೆ ದೊರೆಯದ ಕಾರಣ ಅವು ನಿರುಪಯುಕ್ತವಾಗಿರುತ್ತವೆ. ನಾಲ್ವರು ಹೊರಬೇಕಾದ ಹೊರೆಯನ್ನು ಇಬ್ಬರ ಮೇಲೆಯೇ ಹೊರಿಸಿದಂತಹ ಏರ್ಪಾಡಿದು. ಈ ಕೊರತೆಯನ್ನು ಸಾಮಾನ್ಯ ಸಂಸಾರಸ್ಥನ ಮೋಟಾರಿನಿಂದಲೇ ತೊಲಗಿಸಬೇಕೆಂದು ಮುಪ್ಪಿನಲ್ಲಿ ಹಟ ತೊಟ್ಟು ದುಡಿದವನು ಹ್ಯಾರಿ ಫರ್ಗ್ಯುಸನ್. ಟ್ರಾಕ್ಟರಿನ ನಿರ್ಮಾಪಕನೆಂದು ಜಗತ್ತು ಬಲ್ಲ ಈತನ ಬಾಳಿನ ಕಡೆಯ ಅಧ್ಯಾಯವನ್ನು ಬಲ್ಲವರು ವಿರಳ.

ಫರ್ಗ್ಯುಸನ್ನನು 1884ನೆಯ ಇಸವಿ ನವೆಂಬರ್ 4ರಂದು ಐರ್ಲೆಂಡಿನ ಡೌನ್ ಪ್ರಾಂತದ ಗ್ರೋವೆಲ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದನು. ಹನ್ನೊಂದು ಮಕ್ಕಳ ತುಂಬು ಮನೆ. ಬೆನ್ನು ಮುರಿಯುವ ಬೇಸಾಯದ ದುಡಿಮೆ. ಹುಡುಗನಿಗೆ ಹೊಲದ ಕೆಲಸವು ಒಗ್ಗಲಿಲ್ಲ. ಊರು ಬಿಟ್ಟು ಕೆನಡಾ ದೇಶಕ್ಕೆ ಹೋಗಬೇಕೆಂದಿದ್ದವನನ್ನು 1902ರಲ್ಲಿ ಅಣ್ಣನಾದ ಜೋ ಬೆಲ್‌ಫಾಸ್ಟ್ ಪಟ್ಟಣದ ತನ್ನ ರಿಪೇರಿ ಅಂಗಡಿಗೆ ಕರೆಸಿಕೊಂಡನು. ಹಳ್ಳಿಯಿಂದ ಪಟ್ಟಣಕ್ಕೆ ಬಂದು, ಬಂಧುವಿನ ಆಶ್ರಯದಲ್ಲಿ ಕೈಕೆಲಸ ಕಲಿತು ತಲೆಯೆತ್ತಿದವರ ಕಥೆಯು ನಮ್ಮ ವಾಚಕರಿಗೆ ಹೊಸತೇನಲ್ಲ.

ಅಲ್ಲಿ ಇಂಜಿನುಗಳ ನಾಡಿಮಿಡಿತವನ್ನು ಅರಿಯುವ ವಿದ್ಯೆ ಆತನಿಗೆ ಕರಗತವಾಯಿತು. ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಹೆಸರು ಗಳಿಸಿದನು. ಸ್ವತಃ ವಿಮಾನವೊಂದನ್ನು ನಿರ್ಮಿಸಿ, 1909ನೆಯ ಡಿಸೆಂಬರ್ 31ರಂದು ಹಿಲ್ಸ್‌ಬರೋ ಎಂಬಲ್ಲಿ ಸುಮಾರು 130 ಗಜ ದೂರ ಹಾರಿಸಿ, ಐರ್ಲೆಂಡಿನಲ್ಲಿ ಪ್ರಥಮ ವಿಮಾನ ಹಾರಾಟದ ಕೀರ್ತಿಯನ್ನು ಪಡೆದನು. 1911ರಲ್ಲಿ ಸ್ವಂತ ಮೋಟಾರು ವ್ಯಾಪಾರವನ್ನು ಆರಂಭಿಸಿದನು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವವೊದಗಿದಾಗ, ಐರ್ಲೆಂಡಿನ ಕೃಷಿ ಇಲಾಖೆಯು ಟ್ರಾಕ್ಟರುಗಳ ಕೆಲಸವನ್ನು ಪರಿಶೀಲಿಸುವ ಹೊಣೆಯನ್ನು ಆತನಿಗೆ ವಹಿಸಿತು. ಆಗ ಆತನ ಕಣ್ಣಿಗೆ ಬಿದ್ದುದು ಒಂದು ಘೋರ ದೋಷ. ಟ್ರಾಕ್ಟರಿನ ಹಿಂದೆ ಸರಪಣಿಯಿಂದ ಎಳೆಯುತ್ತಿದ್ದ ನೇಗಿಲು ಹುದುಗಿದ ಬಂಡೆಗೆ ತಗುಲಿದೊಡನೆ ಟ್ರಾಕ್ಟರಿನ ಮೂತಿಯು ಮೇಲಕ್ಕೇಳುತ್ತಿತ್ತು. ಕೆಲವೊಮ್ಮೆ ಇಡೀ ಯಂತ್ರವು ಹಿಂದಕ್ಕೆ ಮಗುಚಿ ಚಾಲಕನನ್ನು ಕೊಲ್ಲುತ್ತಿತ್ತು. ಇದಕ್ಕೆ ಪರಿಹಾರವಾಗಿ ನೇಗಿಲನ್ನು ಮೂರು ಕೊಂಡಿಗಳಿಂದ ಟ್ರಾಕ್ಟರಿಗೆ ಬಂಧಿಸಿ, ತೈಲದ ಒತ್ತಡದಿಂದ ಅದನ್ನು ಏರಿಳಿಸುವ ವಿಧಾನವನ್ನು ಆತನು ಹಲವು ವರ್ಷಗಳ ಪ್ರಯೋಗದಿಂದ ಸಾಧಿಸಿದನು. ನೇಗಿಲಿನ ಭಾರವೇ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದರಿಂದ ಹಗುರವಾದ ಯಂತ್ರವೂ ಆಳವಾಗಿ ಉಳಬಲ್ಲದಾಯಿತು. ಚಕ್ರವು ನೆಲವನ್ನು ಬಿಡಕೂಡದು ಎಂಬುದು ಆತನ ಜೀವಮಾನದ ಚಿಂತನೆಗೆ ಸೂತ್ರವಾಯಿತು.

1938ರ ಅಕ್ಟೋಬರಿನಲ್ಲಿ ಆತನು ಅಮೇರಿಕೆಗೆ ಹೋಗಿ ಹೆನ್ರಿ ಫೋರ್ಡನಿಗೆ ತನ್ನ ಟ್ರಾಕ್ಟರಿನ ಚಮತ್ಕಾರವನ್ನು ತೋರಿಸಿದನು. ಇಬ್ಬರೂ ಯಾವ ಪತ್ರವನ್ನೂ ಬರೆಯದೆ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. ಅದರಂತೆ ಮೂರು ಲಕ್ಷದಷ್ಟು ಟ್ರಾಕ್ಟರುಗಳು ತಯಾರಾದುವು. ಆದರೆ ಮುದುಕ ಫೋರ್ಡನ ಆಡಳಿತ ಮುಗಿದ ಮೇಲೆ ಮೊಮ್ಮಗನು ಆ ಮಾತನ್ನು ಮುರಿದನು. 1948ರಲ್ಲಿ ಫರ್ಗ್ಯುಸನ್ನನು ನ್ಯಾಯಾಲಯದ ಮೆಟ್ಟಲನ್ನೇರಿದನು. ನಾಲ್ಕು ವರ್ಷಗಳ ವ್ಯಾಜ್ಯದ ತರುವಾಯ 1952ರಲ್ಲಿ 92 ಲಕ್ಷ 50 ಸಾವಿರ ಡಾಲರುಗಳಿಗೆ ರಾಜಿಯಾಯಿತು. ಮಾತಿನ ಬೆಲೆಯೆಷ್ಟು, ಕಾಗದದ ಬೆಲೆಯೆಷ್ಟು ಎಂಬುದನ್ನು ಆತನು ಬಹಳ ತೆತ್ತು ಕಲಿತನು.

ಈ ನಡುವೆ 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಆತನ ಸಣ್ಣ ಬೂದು ಬಣ್ಣದ ಟ್ರಾಕ್ಟರು ತಯಾರಾಗತೊಡಗಿತು. ಹತ್ತು ವರ್ಷಗಳಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಯಂತ್ರಗಳು ಹೊರಬಿದ್ದುವು. ಎವರೆಸ್ಟ್ ವೀರ ಹಿಲರಿಯು 1958ನೆಯ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲಪಿದುದೂ ಇದೇ ಟ್ರಾಕ್ಟರುಗಳಲ್ಲಿ. 1953ರಲ್ಲಿ ಫರ್ಗ್ಯುಸನ್ನನು ತನ್ನ ಉದ್ಯಮವನ್ನು ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಸಂಸ್ಥೆಯೊಡನೆ ವಿಲೀನಗೊಳಿಸಿದನು. ಬೆಲೆಯಲ್ಲಿ ಹತ್ತು ಲಕ್ಷ ಡಾಲರುಗಳ ವ್ಯತ್ಯಾಸವುಂಟಾದಾಗ ನಾಣ್ಯವನ್ನು ಚಿಮ್ಮಿ ತೀರ್ಮಾನಿಸಿದರು, ಫರ್ಗ್ಯುಸನ್ನನು ಸೋತನು.

ಐಶ್ವರ್ಯವು ಕೈಸೇರಿದಾಗ ವಿಶ್ರಮಿಸುವುದು ಲೋಕರೂಢಿ. ಈತನಾದರೋ 1950ರಲ್ಲಿಯೇ ಫರ್ಗ್ಯುಸನ್ ರಿಸರ್ಚ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದ್ದನು. ಪಂದ್ಯದ ಚಾಲಕರಾದ ಟೋನಿ ರೋಲ್ಟ್ ಮತ್ತು ಫ್ರೆಡ್ಡಿ ಡಿಕ್ಸನ್ ಅದಾಗಲೇ ನಾಲ್ಕು ಚಕ್ರಗಳಿಗೂ ಬಲವೀಯುವ ಮೋಟಾರಿನಲ್ಲಿ ತೊಡಗಿದ್ದರು; ಆಸ್ಟನ್ ಮಾರ್ಟಿನ್ ಸಂಸ್ಥೆಯ ಶಿಲ್ಪಿ ಕ್ಲಾಡ್ ಹಿಲ್ ಬಂದು ಸೇರಿದನು. ಇವರ ದುಡಿಮೆಯ ಫಲವೇ ಆರ್-5 ಎಂಬ ಎಸ್ಟೇಟ್ ಕಾರು.

ಎಸ್ಟೇಟ್ ಕಾರೆಂದರೆ ಛಾವಣಿಯನ್ನು ಹಿಂಬದಿಯವರೆಗೂ ಚಾಚಿ, ಸಾಮಾನಿಗೆ ವಿಶಾಲ ಸ್ಥಳವನ್ನಿರಿಸಿದ ಮೋಟಾರು. ಸ್ಟೇಷನ್ ವ್ಯಾಗನ್ ಎಂದೂ ಅದನ್ನು ಕರೆಯುವುದುಂಟು. ಇಂತಹ ವಾಹನದ ನಡಿಗೆಯು ಹೊರೆಯೊಡನೆ ಬದಲಾಗುತ್ತದೆ. ಹಿಂಬದಿಯು ಬರಿದಾಗಿದ್ದರೆ ಹಿಂದಿನ ಚಕ್ರಗಳ ಮೇಲೆ ಭಾರವಿಲ್ಲದೆ ಅವು ಒದ್ದೆ ನೆಲದಲ್ಲಿ ಜಾರುತ್ತವೆ. ಮುಂದಿನ ಚಕ್ರಗಳಿಗೆ ಬಲವಿದ್ದು ಹಿಂಬದಿಯು ತುಂಬಿದ್ದರೆ, ಏರುದಾರಿಯಲ್ಲಿ ಮುಂದಿನವು ಹಗುರವಾಗಿ ಸುಮ್ಮನೆ ತಿರುಗುತ್ತವೆ. ಬಲವನ್ನು ನಾಲ್ಕಕ್ಕೂ ಹಂಚಿದರೆ ಎರಡೂ ತೊಂದರೆಗಳು ತಗ್ಗುತ್ತವೆ.

ಯುದ್ಧಕಾಲದ ಜೀಪಿಗೂ ಈ ಶಕ್ತಿಯಿರಲಿಲ್ಲವೇ ಎಂದು ವಾಚಕರು ಕೇಳಬಹುದು. ಇತ್ತು, ಆದರೆ ಅಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಲ್ಪಡುತ್ತಿದ್ದುವು. ವಾಹನವು ತಿರುವಿನಲ್ಲಿ ಸಾಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತವನ್ನು ಸುತ್ತಬೇಕು. ಬಿಗಿದ ಅಚ್ಚುಗಳು ಇದಕ್ಕೆ ಎಡೆಗೊಡವು. ಒಣ ರಸ್ತೆಯಲ್ಲಿ ಟಯರುಗಳು ಉಜ್ಜಿ ಸವೆದು ಯಂತ್ರವು ತಿಣುಕುತ್ತದೆ. ಆದುದರಿಂದ ಅದು ಕೆಸರಿಗೆ ಮಾತ್ರ ಯೋಗ್ಯ. ಫರ್ಗ್ಯುಸನ್ನನ ಸಂಸ್ಥೆಯು ಎರಡು ಅಚ್ಚುಗಳ ನಡುವೆ ಮತ್ತೊಂದು ಡಿಫರೆನ್ಷಿಯಲನ್ನಿರಿಸಿ, ತಿರುವಿಗೆ ಬೇಕಾದಷ್ಟೇ ವೇಗದ ವ್ಯತ್ಯಾಸವನ್ನು ಅನುಮತಿಸಿತು. ಮಿತಿಯನ್ನು ಮೀರಿ ಚಕ್ರವು ಜಾರತೊಡಗಿದೊಡನೆ ಅದು ತಾನಾಗಿಯೇ ಬಿಗಿಯುತ್ತಿತ್ತು. ಚಾಲಕನು ಯಾವ ಸನ್ನೆಗೋಲನ್ನೂ ಮುಟ್ಟಬೇಕಾಗಿರಲಿಲ್ಲ. ಇದರೊಡನೆ ಡನ್‌ಲಪ್ ಸಂಸ್ಥೆಯು ವಿಮಾನಗಳಿಗಾಗಿ ರಚಿಸಿದ್ದ, ಚಕ್ರವು ಕಚ್ಚಿ ನಿಲ್ಲದಂತೆ ತಡೆಯುವ ಬ್ರೇಕನ್ನೂ ಅಳವಡಿಸಿದರು. ಅಚ್ಚುಗಳೆರಡೂ ಪರಸ್ಪರ ಕೂಡಿದ್ದುದರಿಂದ ಒಂದೇ ಉಪಕರಣವು ನಾಲ್ಕು ಚಕ್ರಗಳಿಗೂ ಸಾಕಾಯಿತು.

ವಾಹನವು ಸಿದ್ಧವಾಗಿತ್ತು; ಕೊಳ್ಳುವವರು ಮಾತ್ರ ಇರಲಿಲ್ಲ. ಬ್ರಿಟನ್ನಿನ ದೊಡ್ಡ ಮೋಟಾರು ಕಾರ್ಖಾನೆಗಳಾವುವೂ ಅದನ್ನು ತಯಾರಿಸಲು ಮುಂದಾಗಲಿಲ್ಲ. ಅನಿದ್ರೆ, ಖಿನ್ನತೆಗಳು ವೃದ್ಧನನ್ನು ಕಾಡಿದುವು. 1960ನೆಯ ಅಕ್ಟೋಬರ್ 25ರಂದು, ತನ್ನ 75ನೆಯ ವಯಸ್ಸಿನಲ್ಲಿ, ಫರ್ಗ್ಯುಸನ್ನನು ಕಾಲವಾದನು.

ಮರುವರ್ಷವೇ ಆತನ ತತ್ತ್ವಕ್ಕೆ ಸಾಕ್ಷ್ಯವು ದೊರೆಯಿತು. 1961ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಮಳೆಯಿಂದ ತೊಯ್ದ ಪಂದ್ಯದಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಪ್ರಸಿದ್ಧ ಚಾಲಕನು ಫರ್ಗ್ಯುಸನ್ ಪಿ-99 ಕಾರನ್ನೋಡಿಸಿ ಗೋಲ್ಡ್ ಕಪ್ಪನ್ನು ಗೆದ್ದನು. 1966ರಲ್ಲಿ ಜೆನ್ಸನ್ ಸಂಸ್ಥೆಯು ಇದೇ ಏರ್ಪಾಡಿನ ಎಫ್‌ಎಫ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ದುಬಾರಿಯಾದ ಅದು 1971ರವರೆಗೆ 320 ಮಾತ್ರ ತಯಾರಾಯಿತು.

ಆದರೂ ಬೀಜವು ಬತ್ತಲಿಲ್ಲ. ರೋಲ್ಟನು 1971ರಲ್ಲಿ ಸ್ಥಾಪಿಸಿದ ಎಫ್‌ಎಫ್ ಡೆವಲಪ್‌ಮೆಂಟ್ಸ್ ಸಂಸ್ಥೆಯು ದಪ್ಪನೆಯ ಸಿಲಿಕೋನ್ ದ್ರವದಲ್ಲಿ ತೆಳು ಬಿಲ್ಲೆಗಳನ್ನು ಮುಳುಗಿಸಿದ ಸಾಧನವನ್ನು ಬೆಳೆಯಿಸಿತು. ಒಂದು ಬದಿಯ ಬಿಲ್ಲೆಗಳು ವೇಗವಾಗಿ ತಿರುಗಿದಾಗ ದ್ರವವೇ ತಡೆಯೊಡ್ಡಿ ಬಲವನ್ನು ಇನ್ನೊಂದು ಬದಿಗೆ ಸಾಗಿಸುತ್ತದೆ. 1979ರಲ್ಲಿ ಅಮೇರಿಕದಲ್ಲಿ ಹೊರಬಂದ ಎಎಂಸಿ ಈಗಲ್ ಕಾರುಗಳಲ್ಲಿ ಈ ಸಾಧನವಿತ್ತು. ಅವುಗಳಲ್ಲಿ ಎಸ್ಟೇಟ್ ಮಾದರಿಯೂ ಒಂದು. ಆರ್-5 ಕಂಡ ಕನಸು ಎರಡು ದಶಕಗಳ ತರುವಾಯ ಸಂಸಾರಸ್ಥರ ಮನೆಬಾಗಿಲಿಗೆ ಬಂದಿತು.

ಫರ್ಗ್ಯುಸನ್ನನು ತೀರಿಕೊಂಡ ವರ್ಷವೇ, 1960ರಲ್ಲಿ, ಮ್ಯಾಸ್ಸಿ ಫರ್ಗ್ಯುಸನ್ ಸಂಸ್ಥೆಯ ಸಹಯೋಗದಿಂದ ಮದರಾಸಿನಲ್ಲಿ ಟಾಫೆ ಟ್ರಾಕ್ಟರು ಕಾರ್ಖಾನೆಯು ಆರಂಭವಾಯಿತು. ಊರಿಗೆ ಹೋದಾಗ ಹೊಲದಲ್ಲಿ ಉಳುವ ಟ್ರಾಕ್ಟರಿನ ಹಿಂಬದಿಯನ್ನು ವಾಚಕರು ನೋಡಲಿ. ನೇಗಿಲನ್ನು ಹಿಡಿದ ಮೂರು ಕೊಂಡಿಗಳು ಕಾಣುವುವು. ರಿಪೇರಿ ಅಂಗಡಿಯಲ್ಲಿ ಕೈ ಮಸಿ ಮಾಡಿಕೊಂಡ ರೈತನ ಮಗನೊಬ್ಬನು ಜಗತ್ತಿಗಿತ್ತ ಕಾಣಿಕೆಯದು. ಆತನ ಮೊದಲ ಕಾಣಿಕೆಯನ್ನು ಲೋಕವು ಆತನ ಕಣ್ಣೆದುರಿನಲ್ಲೇ ಸ್ವೀಕರಿಸಿತು. ಎರಡನೆಯದನ್ನು ಆತನ ಬೆನ್ನ ಹಿಂದೆ ಸ್ವೀಕರಿಸಿತು. ಸ್ವೀಕರಿಸಿತೆಂಬುದೇ ಮುಖ್ಯ.