ಕಾಂತಕ್ಷೇತ್ರವನ್ನು ಹೊರದೂಡಿದ ಲೋಹ: ವಾಲ್ಟರ್ ಮೈಸ್ನರ್

ಮಕ್ಕಳೇ, ಅಲ್ಯುಮಿನಿಯಂ ತಟ್ಟೆಯ ಮೇಲೆ ಒಂದು ಗುಂಡುಸೂಜಿ ಇಡಿ. ತಟ್ಟೆಯ ಕೆಳಗೆ ಕಾಂತವನ್ನು ಆಡಿಸಿ. ಸೂಜಿಯೂ ಹಿಂದೆಯೇ ಓಡುತ್ತದಲ್ಲವೇ? ಕಾಂತಕ್ಷೇತ್ರವು ತಟ್ಟೆಯ ಮೂಲಕ ಹಾದುಹೋಗುತ್ತದೆ. ತನ್ನೊಳಗೆ ಇದ್ದ ಕಾಂತಕ್ಷೇತ್ರವನ್ನು ಹೊರಕ್ಕೆ ದೂಡುವ ಲೋಹವೂ ಇರಬಹುದೇ? ಇದೆ! ಅದನ್ನು ತೋರಿಸಿದವರಲ್ಲಿ ಮುಖ್ಯರು ಜರ್ಮನಿಯ ವಾಲ್ಟರ್ ಮೈಸ್ನರ್.

ಮೈಸ್ನರ್ 1882ರ ಡಿಸೆಂಬರ್ 16ರಂದು ಬರ್ಲಿನ್‌ನಲ್ಲಿ ಜನಿಸಿದರು. ಮೊದಲು ಎಂಜಿನಿಯರಿಂಗ್ ಓದಿ, ನಂತರ ಭೌತವಿಜ್ಞಾನದತ್ತ ಹೊರಳಿದರು. ಹೆಸರಾಂತ ವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. 1908ರಲ್ಲಿ ಬರ್ಲಿನ್‌ನ ರಾಷ್ಟ್ರೀಯ ಅಳತೆ ಸಂಸ್ಥೆಯನ್ನು ಸೇರಿದರು. ಯಾವುದನ್ನೇ ಆಗಲಿ ನಿಖರವಾಗಿ ಅಳೆಯುವುದು ಅಲ್ಲಿನ ಕೆಲಸ.

1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಒಂದು ಸೋಜಿಗ ಕಂಡಿದ್ದರು. ದ್ರವ ಹೀಲಿಯಂನಲ್ಲಿ, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿದ ಪಾದರಸದಲ್ಲಿ ವಿದ್ಯುತ್ ರೋಧವೇ ಇಲ್ಲವಾಗಿತ್ತು! ಇಂಥ ವಸ್ತುವನ್ನು ಅತಿವಾಹಕ ಎನ್ನುತ್ತೇವೆ. ಆದರೆ ಹೀಲಿಯಂ ಅನ್ನು ದ್ರವವಾಗಿಸುವುದು ಬಹಳ ಕಷ್ಟ. ಲೈಡನ್ ಮತ್ತು ಟೊರಾಂಟೊ ನಗರಗಳ ನಂತರ, 1925ರಲ್ಲಿ ಮೈಸ್ನರ್ ಬರ್ಲಿನ್‌ನಲ್ಲಿ ಇದನ್ನು ಸಾಧಿಸಿದರು.

ಕಾಂತದ ಬಳಿ ಇಟ್ಟ ಲೋಹವನ್ನು ತಂಪಾಗಿಸಿ ಅತಿವಾಹಕವಾಗಿಸಿದರೆ, ಒಳಗಿದ್ದ ಕಾಂತಕ್ಷೇತ್ರ ಅಲ್ಲೇ ಸಿಕ್ಕಿಬೀಳುತ್ತದೆ ಎಂದು ಆಗ ವಿಜ್ಞಾನಿಗಳು ನಂಬಿದ್ದರು. ರೋಧವೇ ಇಲ್ಲದಾಗ ಒಳಗಿನ ಕ್ಷೇತ್ರ ಬದಲಾಗಲಾರದು ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಕಾಣುತ್ತಿತ್ತು. ಆದರೂ ಅಳೆದು ನೋಡೋಣ ಎಂದುಕೊಂಡರು ಮೈಸ್ನರ್.

1933ರಲ್ಲಿ ಅವರು ಮತ್ತು ಕಿರಿಯ ಸಹೋದ್ಯೋಗಿ ರಾಬರ್ಟ್ ಓಕ್ಸೆನ್‌ಫೆಲ್ಡ್, ತವರ ಮತ್ತು ಸೀಸದ ಉರುಳೆಗಳನ್ನು ದುರ್ಬಲ ಕಾಂತಕ್ಷೇತ್ರದಲ್ಲಿಟ್ಟು ತಂಪಾಗಿಸಿದರು. ಪಕ್ಕದಲ್ಲಿ ಪುಟ್ಟ ತಂತಿಸುರುಳಿ ಇಟ್ಟು ಅಳೆದರು. ಲೋಹ ಅತಿವಾಹಕವಾದ ಕೂಡಲೇ ಅದರ ಹೊರಗೆ, ಪಕ್ಕದಲ್ಲಿದ್ದ ಕ್ಷೇತ್ರ ಹೆಚ್ಚಾಯಿತು! ಬಸ್ಸಿನಿಂದ ಇಳಿದವರು ಹೊರಗೆ ಗುಂಪುಗೂಡುವಂತೆ, ಒಳಗಿದ್ದ ಕಾಂತರೇಖೆಗಳು ಹೊರಬಂದು ಒತ್ತಾಗಿದ್ದವು. ಇದೇ ಮೈಸ್ನರ್ ಪರಿಣಾಮ.

ಇದು ಹೇಗೆ ಸಾಧ್ಯ? ಅತಿವಾಹಕದ ಮೇಲ್ಮೈಯಲ್ಲಿ ತಾನಾಗಿಯೇ ವಿದ್ಯುತ್ ಹರಿಯುತ್ತದೆ. ಅದು ಹುಟ್ಟಿಸುವ ಕಾಂತಕ್ಷೇತ್ರ ಹೊರಗಿನ ಕ್ಷೇತ್ರವನ್ನು ಒಳಗೆ ಅಳಿಸಿಹಾಕುತ್ತದೆ. ತೀರ ತೆಳುವಾದ ಮೇಲ್ಪದರದಲ್ಲಷ್ಟೇ ಕ್ಷೇತ್ರ ಉಳಿಯುತ್ತದೆ ಎಂದು 1935ರಲ್ಲಿ ಲಂಡನ್ ಎಂಬ ಮನೆತನದ ಸೋದರರಾದ ಫ್ರಿಟ್ಸ್ ಮತ್ತು ಹೈನ್ಸ್ ಲೆಕ್ಕ ಹಾಕಿ ತೋರಿಸಿದರು. ಕಾಂತ ಬಹಳ ಪ್ರಬಲವಾಗಿದ್ದರೆ ಮಾತ್ರ ಸೀಸ, ತವರಗಳ ಅತಿವಾಹಕತೆಯೇ ಹೊರಟುಹೋಗುತ್ತದೆ. ನಿಯೋಬಿಯಂ-ಟೈಟಾನಿಯಂ ಮಿಶ್ರಲೋಹ ಹಾಗಲ್ಲ. ಕ್ಷೇತ್ರವನ್ನು ಸಣ್ಣ ಎಳೆಗಳಾಗಿ ಒಳಬಿಟ್ಟುಕೊಂಡೂ ಅತಿವಾಹಕವಾಗಿಯೇ ಉಳಿಯುತ್ತದೆ. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಸುರುಳಿಗಳಲ್ಲಿ ಇರುವುದು ಸಾಮಾನ್ಯವಾಗಿ ಇದೇ.

ಮೈಸ್ನರ್ 1934ರಲ್ಲಿ ಮ್ಯೂನಿಕ್‌ಗೆ ಹೋಗಿ ಪ್ರಾಧ್ಯಾಪಕರಾದರು. ಯುದ್ಧದ ನಂತರ ಅಲ್ಲಿ ಶೀತ ಸಂಶೋಧನೆಗೆ ಹೊಸ ನೆಲೆ ಕಟ್ಟಿದರು. 1974ರ ನವೆಂಬರ್‌ನಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಶೋಧನಾಲಯಕ್ಕೆ ಇಂದು ಅವರದೇ ಹೆಸರಿದೆ.

1987ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡವು ದ್ರವ ನೈಟ್ರೋಜನ್‌ನಲ್ಲೇ ಅತಿವಾಹಕವಾಗುವ ವಸ್ತುಗಳನ್ನು ತಯಾರಿಸಿತು. ಅಂಥ ಬಿಲ್ಲೆಯ ಮೇಲೆ ಪುಟ್ಟ ಕಾಂತ ಗಾಳಿಯಲ್ಲೇ ತೇಲುತ್ತದೆ. ನೋಡುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಎಲ್ಲರೂ ಒಪ್ಪಿದ್ದನ್ನೂ ಒಮ್ಮೆ ಅಳೆದು ನೋಡಿದ ಮೈಸ್ನರ್ ಅವರನ್ನು ಆಗ ನೆನೆಯಿರಿ.