ಸೈಯದ್ ಅಬ್ದುಲ್ ರಹೀಮ್

ಸೈಯದ್ ಅಬ್ದುಲ್ ರಹೀಮ್ (೧೭ ಆಗಸ್ಟ್ ೧೯೦೯ – ೧೧ ಜೂನ್ ೧೯೬೩) ಭಾರತದ ಪ್ರಸಿದ್ಧ ಫುಟ್‌ಬಾಲ್ ತರಬೇತುದಾರರು. ಹೈದರಾಬಾದಿನಲ್ಲಿ ಜನಿಸಿದ ಇವರು ಮೊದಲು ಶಾಲಾ ಶಿಕ್ಷಕರಾಗಿದ್ದರು. ೧೯೫೦ರಿಂದ ನಿಧನರಾಗುವವರೆಗೂ ರಾಷ್ಟ್ರೀಯ ತಂಡಕ್ಕೆ ತರಬೇತಿ ನೀಡಿದರು.

ಒಲಿಂಪಿಕ್ಸ್

೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತವು ಯುಗೊಸ್ಲಾವಿಯದ ಎದುರು ೧-೧೦ರಿಂದ ಸೋತಿತು. ರಹೀಮರು ತಂಡವನ್ನು ಮತ್ತೆ ಕಟ್ಟಿದರು. ೧೯೫೬ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು.

೧೯೬೦ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿ, ಫ್ರಾನ್ಸ್ ಹಾಗೂ ಪೆರು ತಂಡಗಳು ಭಾರತದ ಗುಂಪಿನಲ್ಲಿದ್ದವು. ಹಂಗೇರಿಯ ಎದುರು ಭಾರತ ೧-೨ರಿಂದ ಸೋತಿತು. ಆಗಸ್ಟ್ ೨೯ರಂದು ಗ್ರೋಸೆಟೊ ನಗರದಲ್ಲಿ ಫ್ರಾನ್ಸ್ ವಿರುದ್ಧ ನಡೆದ ಪಂದ್ಯದ ೭೧ನೆಯ ನಿಮಿಷದಲ್ಲಿ ನಾಯಕ ಪಿ. ಕೆ. ಬ್ಯಾನರ್ಜಿ ಗೋಲು ಗಳಿಸಿ ಮುನ್ನಡೆ ತಂದರು. ೮೨ನೆಯ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆದು ಸಮಗೊಳಿಸಿತು. ಜಯ ಕೇವಲ ಎಂಟು ನಿಮಿಷಗಳಷ್ಟು ದೂರವಿದ್ದಾಗ ಕೈತಪ್ಪಿ, ಪಂದ್ಯ ೧-೧ರ ಡ್ರಾದಲ್ಲಿ ಮುಗಿಯಿತು. ಪೆರುವಿನ ಎದುರು ೧-೩ರಿಂದ ಸೋತ ಭಾರತವು ಗುಂಪಿನ ಹಂತದಲ್ಲೇ ಹೊರಬಿದ್ದಿತು. ಅನಂತರ ಭಾರತದ ಪುರುಷರ ತಂಡ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿಲ್ಲ. ಹೀಗಾಗಿ ಆ ಡ್ರಾದಿಂದ ದೊರೆತ ಒಂದು ಅಂಕವೇ ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಗಳಿಸಿದ ಕೊನೆಯ ಅಂಕವಾಗಿ ಉಳಿದಿದೆ.

ಏಷ್ಯನ್ ಕ್ರೀಡಾಕೂಟ ಮತ್ತು ನಿಧನ

ರಹೀಮರ ತರಬೇತಿಯಲ್ಲಿ ಭಾರತವು ೧೯೫೧ರಲ್ಲಿ ನವದೆಹಲಿಯಲ್ಲಿಯೂ ೧೯೬೨ರಲ್ಲಿ ಜಕಾರ್ತದಲ್ಲಿಯೂ ಚಿನ್ನದ ಪದಕ ಗೆದ್ದಿತು. ಜಕಾರ್ತದ ಗುಂಪಿನ ಹಂತದಲ್ಲಿ ತಮ್ಮನ್ನು ಸೋಲಿಸಿದ್ದ ದಕ್ಷಿಣ ಕೊರಿಯಾವನ್ನೇ ಭಾರತೀಯರು ಅಂತಿಮ ಪಂದ್ಯದಲ್ಲಿ ೨-೧ರಿಂದ ಮಣಿಸಿದರು. ಇದಾಗಿ ಒಂದು ವರ್ಷ ತುಂಬುವ ಮುನ್ನವೇ ರಹೀಮರು ಕ್ಯಾನ್ಸರ್‌ನಿಂದ ನಿಧನರಾದರು.