ಲೂಯಿ ಪಾಶ್ಚರ್ ಮಹಾಶಯನು

ನಮ್ಮ ಶಿಡ್ಲಘಟ್ಟದ ಸೀಮೆಯಲ್ಲಿ ಹಿಪ್ಪುನೇರಳೆಯ ತೋಟವನ್ನೂ ರೇಷ್ಮೆಯ ಗೂಡನ್ನೂ ಅರಿಯದವರು ವಿರಳ. ಆದರೆ ರೇಷ್ಮೆಹುಳುವಿನ ಗಂಟುರೋಗವನ್ನು ತಡೆಯುವ ಮಾರ್ಗವನ್ನು ಕಂಡುಹಿಡಿದ ಮಹನೀಯನೇ ಮನುಷ್ಯರ ಸಾಂಕ್ರಾಮಿಕ ರೋಗಗಳ ನಿವಾರಣೆಗೂ ದಾರಿ ತೋರಿದನೆಂಬ ಸಂಗತಿಯು ಅನೇಕರಿಗೆ ತಿಳಿಯದು.

ಲೂಯಿ ಪಾಶ್ಚರನು 1822ನೆಯ ಇಸವಿ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ, ಚರ್ಮ ಹದಮಾಡುವ ಬಡವನ ಮಗನಾಗಿ ಜನಿಸಿದನು. ರಸಾಯನಶಾಸ್ತ್ರದಲ್ಲಿ ಪಾರಂಗತನಾಗಿ, ಹಾಲು ಹುಳಿಯುವುದೂ ದ್ರಾಕ್ಷಾರಸ ಕೆಡುವುದೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸವೆಂದು ತೋರಿಸಿಕೊಟ್ಟನು.

1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಗಂಟುರೋಗದಿಂದ ಹಾಳಾಗುತ್ತಿದ್ದರು. ಅದುವರೆಗೆ ಹುಳುವನ್ನು ಕೈಯಲ್ಲಿ ಹಿಡಿದೂ ಅರಿಯದ ಪಾಶ್ಚರನು, ಗುರುವಿನ ಮಾತಿಗೆ ಕಟ್ಟುಬಿದ್ದು ಆಲೆಸ್ ಪಟ್ಟಣಕ್ಕೆ ಹೋದನು. ಪತ್ನಿ ಮರಿಯಳೂ ಮಗಳೂ ಜೊತೆಯಲ್ಲಿ ಹುಳು ಸಾಕಿದರು. ಈ ಕಾಲವು ದುಃಖಮಯವಾಗಿತ್ತು. 1859ರಲ್ಲಿ ಹಿರಿಯ ಮಗಳನ್ನು ವಿಷಮಶೀತಜ್ವರವು ಒಯ್ದಿತ್ತು. 1865ರಲ್ಲಿ ಎರಡು ವರ್ಷದ ಶಿಶುವೊಂದು, 1866ರಲ್ಲಿ ಹನ್ನೆರಡು ವರ್ಷದ ಮತ್ತೊಬ್ಬ ಮಗಳು ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಆತನ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಕೆಲಸ ನಿಲ್ಲಲಿಲ್ಲ.

ರೋಗವು ತಾಯಿಯಿಂದ ಮೊಟ್ಟೆಗೆ ಇಳಿಯುವುದೆಂದೂ, ಮಲಿನವಾದ ಸೊಪ್ಪಿನಿಂದ ಹುಳುವಿನಿಂದ ಹುಳುವಿಗೆ ಹರಡುವುದೆಂದೂ ಆತನು ಗೊತ್ತುಮಾಡಿದನು. ಪ್ರತಿಯೊಂದು ಹೆಣ್ಣು ಪತಂಗದ ಮೊಟ್ಟೆಗಳನ್ನು ಬೇರೆಯಾಗಿ ಇರಿಸಿ, ಬಳಿಕ ಆ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ರೋಗಕಣ ಕಂಡರೆ ಮೊಟ್ಟೆಗಳನ್ನು ನಾಶಪಡಿಸಬೇಕು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ತಾಯಿ ಪತಂಗದ ಈ ಪರೀಕ್ಷೆಯೇ ರೋಗರಹಿತ ಮೊಟ್ಟೆಗೆ ಆಧಾರ.

ಅನಂತರ ಪಾಶ್ಚರನ ಚಿತ್ತವು ಪ್ರಾಣಿಗಳ ರೋಗಗಳತ್ತ ತಿರುಗಿತು. ರೋಗಬೀಜವನ್ನು ಬಲಗುಂದಿಸಿ ಮೈಗೆ ಸೇರಿಸಿದರೆ, ದೇಹದ ರಕ್ಷಣಾಶಕ್ತಿಯು ಶತ್ರುವಿನ ಗುರುತು ಹಿಡಿದು, ಮುಂದೆ ನಿಜವಾದ ರೋಗ ಬಂದಾಗ ಶೀಘ್ರವಾಗಿ ಎದುರಿಸುವುದು. ಸಿಡುಬಿನ ವಿಷಯದಲ್ಲಿ ಜೆನ್ನರನು 1796ರಲ್ಲಿ ತೋರಿದ ದಾರಿಯನ್ನು ಈತನು ಹೀಗೆ ವಿಸ್ತರಿಸಿ, 1881ರಲ್ಲಿ ಕುರಿಗಳನ್ನು ನೆರಡಿರೋಗದಿಂದ ಕಾಪಾಡಿದನು. 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನನ್ನು ತಾಯಿಯು ಕರೆತಂದಳು. ಪಾಶ್ಚರನು ವೈದ್ಯನಲ್ಲವಾದ್ದರಿಂದ ವೈದ್ಯರ ಕೈಯಿಂದ ಲಸಿಕೆ ಹಾಕಿಸಿ, ಆತಂಕದಿಂದ ದಿನಗಳನ್ನು ಕಳೆದನು. ಬಾಲಕನು ಬದುಕಿದನು. 1888ರಲ್ಲಿ ಪ್ಯಾರಿಸಿನಲ್ಲಿ ಪಾಶ್ಚರನ ಸಂಸ್ಥೆ ತೆರೆಯಿತು. ಅದೇ ಹೆಸರಿನ ಸಂಸ್ಥೆಯೊಂದು 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಸ್ಥಾಪನೆಯಾಯಿತು. ಪಾಶ್ಚರನು 1895ರ ಸೆಪ್ಟೆಂಬರ್ 28ರಂದು ಕಾಲವಾದನು.

ತನ್ನ ಮಕ್ಕಳನ್ನು ಉಳಿಸಿಕೊಳ್ಳಲಾರದ ಈ ತಂದೆಯು ಪರರ ಅಸಂಖ್ಯ ಮಕ್ಕಳನ್ನು ಉಳಿಸಿದನು. ರೋಗ ಬಂದ ಮೇಲೆ ಮರುಗುವುದಕ್ಕಿಂತ ಅದರ ಬಾಗಿಲನ್ನೇ ಮುಚ್ಚುವುದು ಮೇಲೆಂಬುದು ಆತನ ಜೀವಿತದ ಪಾಠ. ಹುಳುವಿನ ಮನೆಯನ್ನು ತೊಳೆದು ಶುದ್ಧವಾಗಿಡುವ ನಾವು ಮಕ್ಕಳ ವಿಷಯದಲ್ಲಿ ಅಲಕ್ಷ್ಯ ಮಾಡಬಹುದೇ? ಕುಡಿಯುವ ನೀರು ಶುದ್ಧವಾಗಿರಲಿ. ಲಸಿಕೆಗಳನ್ನು ಸಕಾಲದಲ್ಲಿ ಹಾಕಿಸಿರಿ. ಹುಟ್ಟಿನಿಂದಲೇ ರಕ್ಷಣಾಶಕ್ತಿ ಕುಂದಿದ ಮಕ್ಕಳಿಗೆ ಸುತ್ತಲಿನವರ ಲಸಿಕೆಯೇ ಬೇಲಿಯಾಗುವುದು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದೇ ಆ ಮಹಾಶಯನಿಗೆ ನಾವು ಸಲ್ಲಿಸಬಹುದಾದ ಗೌರವ.